ಕೋತಿಮರಿಯ ಬಾಯಿಗೆ ನಮ್ಮ ಮಾತು

ಮೊನ್ನೆ ನಮ್ಮೂರಿನ ಸಭೆಯೊಂದರಲ್ಲಿ ಮನಶ್ಶಾಸ್ತ್ರಜ್ಞರೊಬ್ಬರು ಶಿಶುವಿನ ಮನಸ್ಸನ್ನು ಕುರಿತು ಉಪನ್ಯಾಸ ಮಾಡಿದರು. ಒಳ್ಳೆಯ ಮಾತುಗಾರರು. ಅಮೆರಿಕದ ಹಾರ್ಲೋ ಮಹಾಶಯರ ಕೋತಿಮರಿಗಳ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿ, ‘ತಾಯಿಯನ್ನಗಲಿದ ಮರಿಯ ಗತಿ ಇದು, ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗುವ ತಾಯಂದಿರು ಯೋಚಿಸಬೇಕು’ ಎಂದರು. ಕೊನೆಯಲ್ಲಿ ಹೆಣ್ಣುಮಗಳೊಬ್ಬಳು ಎದ್ದುನಿಂತು, ‘ಸಾರ್, ಹಗಲೆಲ್ಲ ನನ್ನ ಮಗುವನ್ನು ನಮ್ಮತ್ತೆ ನೋಡಿಕೊಳ್ಳುತ್ತಾರೆ. ಹಾಗಾದರೆ ನಾನು ಬಟ್ಟೆಯ ತಾಯಿಯೋ, ತಂತಿಯ ತಾಯಿಯೋ?’ ಎಂದು ಕೇಳಿದಳು. ಸಭೆ ನಕ್ಕಿತು. ಆಕೆ ನಗಲಿಲ್ಲ. ಉಪನ್ಯಾಸಕರು ಹೊತ್ತಾಯಿತೆಂದು ಕೈಮುಗಿದರು.

ನಾನು ಕನ್ನಡದ ಮೇಷ್ಟ್ರು. ಮನಶ್ಶಾಸ್ತ್ರ ನನ್ನ ಕಸುಬಲ್ಲ. ಆದರೆ ಒಂದು ಮಾತು ಎಷ್ಟು ಅರ್ಥವನ್ನು ಹೊರಬಲ್ಲದು ಎಂದು ತೂಗಿ ನೋಡುವುದು ನನ್ನ ಕಸುಬೇ. ಆ ಮರಿಗಳು ಹೇಳದ ಸಾಕ್ಷ್ಯವನ್ನು ಅವುಗಳ ಬಾಯಿಗೆ ತುರುಕುತ್ತಿದ್ದೇವೆಂಬುದೇ ನನ್ನ ದೂರು.

ಪ್ರಯೋಗವೇನೋ ಪ್ರಸಿದ್ಧವಾದುದು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಹಾರ್ಲೋ ಅವರು ರೀಸಸ್ ಕೋತಿಯ ಮರಿಗಳನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯಿಂದ ಬೇರ್ಪಡಿಸಿ, ಎರಡು ಬೊಂಬೆಗಳ ಜೊತೆ ಬಿಟ್ಟರು. ಒಂದು ಬರಿಯ ತಂತಿಯದು. ಇನ್ನೊಂದಕ್ಕೆ ಟರ್ಕಿ ಟವೆಲಿನ ಬಟ್ಟೆ ಹೊದಿಸಿತ್ತು. ಎಂಟು ಮರಿಗಳಲ್ಲಿ ನಾಲ್ಕಕ್ಕೆ ಹಾಲು ದೊರೆಯುತ್ತಿದ್ದುದು ತಂತಿಯ ಬೊಂಬೆಯಲ್ಲಿ. ಆದರೂ ಅವು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿದ್ದು, ದಿನದ ಬಹುಭಾಗವನ್ನು ಬಟ್ಟೆಯನ್ನಪ್ಪಿಕೊಂಡೇ ಕಳೆದವು. ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲಿನ ಋಣದಿಂದ ಎಂಬ ಆ ಕಾಲದ ಪಂಡಿತಮತವನ್ನು ಇದು ಮುರಿಯಿತು. 1928ರಲ್ಲಿ ವ್ಯಾಟ್ಸನ್ ಎಂಬ ದೊಡ್ಡ ಪಂಡಿತರು, ಮಕ್ಕಳನ್ನು ಅಪ್ಪಬೇಡಿ, ಮುದ್ದಿಡಬೇಡಿ ಎಂದು ತಾಯಂದಿರಿಗೆ ಪುಸ್ತಕವನ್ನೇ ಬರೆದಿದ್ದ ನಾಡು ಅದು. ಅಲ್ಲಿ ಈ ಮುರಿತ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಪ್ರಯೋಗಕ್ಕೆ ಸಲ್ಲಬೇಕಾದ ಗೌರವ ಇಷ್ಟು.

ಹಾರ್ಲೋ ಅವರು ಇಷ್ಟಕ್ಕೆ ನಿಲ್ಲಲಿಲ್ಲ. 1958ರ ತಮ್ಮ ಭಾಷಣಕ್ಕೆ ‘ಪ್ರೀತಿಯ ಸ್ವರೂಪ’ ಎಂದು ಹೆಸರಿಟ್ಟರು. ಬೊಂಬೆಗಳನ್ನು ‘ತಾಯಿ’ ಎಂದು ಕರೆದರು. ಎಡವಟ್ಟಾದುದು ಇಲ್ಲಿಯೇ. ಮರದ ತುಂಡಿಗೆ ತಾಯಿಯೆಂದು ಹೆಸರಿಟ್ಟ ಮೇಲೆ, ಅದರ ಬಗೆಗೆ ಕಂಡುದೆಲ್ಲ ತಾಯಂದಿರಿಗೆ ತಾನಾಗಿಯೇ ಅನ್ವಯವಾಗಿಬಿಡುತ್ತದೆ. ‘ಬಟ್ಟೆಯ ದಿಂಬು’ ಎಂದು ಕರೆದಿದ್ದರೆ ಯಾವ ಉಪನ್ಯಾಸಕರೂ ನಮ್ಮೂರಿನವರೆಗೆ ಅದನ್ನು ಹೊತ್ತು ತರುತ್ತಿರಲಿಲ್ಲ! ಬೆಳಗ್ಗೆ ಹೋಗಿ ಸಂಜೆ ಮರಳುವ ತಾಯಿ ಆ ಪ್ರಯೋಗದಲ್ಲಿ ಎಲ್ಲಿಯೂ ಇಲ್ಲ. ಅಲ್ಲಿದ್ದುದು ಎಂದೆಂದಿಗೂ ಮರಳದ ತಾಯಿ, ಮತ್ತು ಪಂಜರದಲ್ಲಿ ಒಂಟಿಯಾದ ಮರಿ.

ಬಟ್ಟೆಯನ್ನಪ್ಪಿ ಬೆಳೆದ ಮರಿಗಳು ಮುಂದೆ ಏನಾದುವೆಂಬುದನ್ನೂ ಸಭೆಯಲ್ಲಿ ಯಾರೂ ಹೇಳಲಿಲ್ಲ. ಅವು ಬೆಳೆದ ಮೇಲೆ ತಮ್ಮ ಜಾತಿಯವರೊಡನೆ ಕೂಡಿ ಬಾಳಲಾರದೆ ಹೋದವು. ಅವುಗಳಲ್ಲಿ ತಾಯಾದ ಹಲವು ತಮ್ಮ ಮರಿಗಳನ್ನೇ ಹಿಂಸಿಸಿದವು. ಆದರೆ ದಿನಕ್ಕೆ ಇಪ್ಪತ್ತೇ ನಿಮಿಷ ಓರಗೆಯ ಮರಿಗಳೊಡನೆ ಆಡಲು ಬಿಟ್ಟವು ಬಹುಮಟ್ಟಿಗೆ ನೆಟ್ಟಗೆ ಬೆಳೆದವು. ಇದೂ ಹಾರ್ಲೋ ಅವರೇ ಕಂಡದ್ದು.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ರೀಸಸ್ ಉತ್ತರ ಭಾರತದ ಕೋತಿ. ಚಾಮುಂಡಿ ಬೆಟ್ಟದಲ್ಲಿ ನಮ್ಮ ಕೈಯಿಂದ ಬಾಳೆಹಣ್ಣು ಕಸಿಯುವ, ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕೂದಲಿರುವ ಕೋತಿ ಬೇರೆಯದು. 1960ರ ದಶಕದಲ್ಲಿ ನ್ಯೂಯಾರ್ಕಿನ ಕಾಫ್‌ಮನ್, ರೋಸೆನ್‌ಬ್ಲಮ್ ಎಂಬಿಬ್ಬರು ಈ ನಮ್ಮ ಕೋತಿಯನ್ನೂ ಹಂದಿಬಾಲದ ಕೋತಿಯನ್ನೂ ಹೋಲಿಸಿ ನೋಡಿದರು. ಗುಂಪಿನಿಂದ ತಾಯಿಯೊಂದನ್ನೇ ತೆಗೆದಾಗ ಹಂದಿಬಾಲದ ಮರಿಗಳಲ್ಲಿ ಹೆಚ್ಚಿನವು ಮುದುಡಿ ಮಂಕಾಗಿ ಕುಳಿತವು. ನಮ್ಮ ಕೋತಿಯ ಮರಿಗಳನ್ನು ಗುಂಪಿನ ಬೇರೆ ಹೆಣ್ಣುಗಳು ಎತ್ತಿಕೊಂಡು ಎದೆಗವಚಿಕೊಂಡವು; ಅವಕ್ಕೆ ಅಂಥ ಮಂಕು ಕವಿಯಲಿಲ್ಲ. ಎರಡು ಬಗೆಯ ಕೋತಿಗಳೇ ಒಂದೇ ಸಾಕ್ಷ್ಯ ಹೇಳದಿರುವಾಗ, ಅವುಗಳಲ್ಲಿ ಒಂದನ್ನಾರಿಸಿ ಮನುಷ್ಯರ ಮನೆಗೆ ತೀರ್ಪು ಕೊಡುವುದು ಯಾವ ನ್ಯಾಯ? ನಮ್ಮ ಕೋತಿಯಿಂದ ಅತ್ತೆಯಂದಿರ ಪರವಾಗಿ ತೀರ್ಪು ಬರೆಯಲು ನನಗೂ ಆಸೆಯಾಗುತ್ತದೆ, ಅದೂ ತಪ್ಪೇ.

‘ಹಾಗಾದರೆ ಈ ಪ್ರಯೋಗಗಳೆಲ್ಲ ವ್ಯರ್ಥವೆ?’ ಎಂದು ವಾಚಕರು ಕೇಳಬಹುದು. ಮೊದಲನೆಯದು ವ್ಯರ್ಥವಲ್ಲ. ಮುಂದಿನವನ್ನು ಕುರಿತು ಆ ಧೈರ್ಯ ನನಗಿಲ್ಲ. ಮರಿಗಳನ್ನು ತಿಂಗಳುಗಟ್ಟಲೆ ಏಕಾಂತದಲ್ಲಿಟ್ಟರು. ಆಮೇಲೆ ಇಳಿಜಾರು ಗೋಡೆಗಳ ಗುಂಡಿಯೊಂದನ್ನು ಮಾಡಿ, ಹಾರ್ಲೋ ಅವರೇ ಅದನ್ನು ಹತಾಶೆಯ ಬಾವಿಯೆಂದು ಕರೆದರು. ಒಂಟಿತನದಿಂದ ಜೀವ ಕೆಡುತ್ತದೆಂದು ತಿಳಿಯಲು ಆ ಬಾವಿ ಬೇಕಿತ್ತೆ? ಸ್ಪಿಟ್ಜ್ ಅವರು 1945ರಲ್ಲಿಯೇ ಅನಾಥ ಶಿಶುಗಳ ದುರವಸ್ಥೆಯನ್ನು ಬರೆದಿದ್ದರು. 1951ರಲ್ಲಿ ಬೌಲ್ಬಿ ಅವರು ವಿಶ್ವ ಆರೋಗ್ಯ ಸಂಸ್ಥೆಗೆ ಇಡೀ ವರದಿಯನ್ನೇ ಕೊಟ್ಟಿದ್ದರು. ಮಕ್ಕಳ ಅಳುವನ್ನು ನಂಬದವರು ಕೋತಿಮರಿಯ ಚಿತ್ರವನ್ನು ನಂಬಿದರು.

ಉಪನ್ಯಾಸಕರಿಗೆ ನಿಜವಾಗಿ ಶಿಶುಗಳ ಚಿಂತೆಯಿದ್ದಿದ್ದರೆ ಮಾತಾಡಲು ಬೇರೆ ವಿಷಯವಿತ್ತು. ಐವತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರವಿರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ ಹೇಳಿತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಬಹುದು. ಆ ಹೆಣ್ಣುಮಗಳ ಕಛೇರಿಯಲ್ಲಿ ಅಂಥದೊಂದು ಕೋಣೆ ಇದೆಯೆ ಎಂದು ಅವರು ಕೇಳಲಿಲ್ಲ. ಸಭೆ ಮುಗಿದ ಮೇಲೆ ನಾನು ಕೇಳಿದೆ. ಇಲ್ಲವಂತೆ.