ಸೌದೆ ಮಾರಿದ ಹುಡುಗನ ಕಥೆಯ ಉಳಿದರ್ಧ

ನಮ್ಮ ವಾಣಿಜ್ಯ ಸಂಘದ ಭಿತ್ತಿಪತ್ರಿಕೆಯಲ್ಲಿ ಈ ವರ್ಷ ಬಡತನದಿಂದ ಮೇಲೆ ಬಂದ ಉದ್ಯಮಿಗಳ ಪರಿಚಯ ಸಾಲಾಗಿ ಬರುತ್ತಿದೆ. ಒಳ್ಳೆಯ ಪ್ರಯತ್ನವೇ. ಆದರೆ ಒಂದು ತಕರಾರಿದೆ. ನಾಯಕನ ಕೈಗೆ ಹಣ ಬಂದ ಕೂಡಲೇ ಬರಹ ಮುಗಿದುಹೋಗುತ್ತದೆ. ಆ ಹಣ ಯಾರ ಸ್ನೇಹದಿಂದ ಬಂತು, ಕಷ್ಟಕಾಲದಲ್ಲಿ ಅದು ಎಷ್ಟು ಉಪಯೋಗಕ್ಕೆ ಬಂತು ಎಂದು ಯಾರೂ ಬರೆಯುವುದಿಲ್ಲ. ನೈಜೀರಿಯಾದ ಮೊಶೂದ್ ಅಬಿಯೋಲಾ ಅವರ ಬದುಕನ್ನೂ ಹಾಗೆ ಅರ್ಧಕ್ಕೆ ನಿಲ್ಲಿಸಿದರೆ ಅವರಿಗೆ ಮಾತ್ರವಲ್ಲ, ಅವರಿಗೆ ಮತ ಹಾಕಿದವರಿಗೂ ಅನ್ಯಾಯವಾಗುತ್ತದೆ.

ಮೊದಲರ್ಧ ಭಿತ್ತಿಪತ್ರಿಕೆಗೆ ಹೇಳಿ ಮಾಡಿಸಿದಂತಿದೆ. 1937ರ ಆಗಸ್ಟ್ 24ರಂದು ಅಬೆಯೊಕುಟಾ ಪಟ್ಟಣದ ಬಡ ಮುಸ್ಲಿಂ ಕುಟುಂಬದಲ್ಲಿ ಜನನ. ತಂದೆಗೆ ಇಪ್ಪತ್ತಮೂರನೆಯ ಮಗು. ಅದಕ್ಕಿಂತ ಮೊದಲು ಹುಟ್ಟಿದ ಯಾವ ಮಗುವೂ ಉಳಿದಿರಲಿಲ್ಲ. ಹಾಗಾಗಿ ಕಶಿಮಾವೊ ಎಂದು ಹೆಸರಿಟ್ಟರು. ಯೊರುಬಾ ಭಾಷೆಯಲ್ಲಿ ಅದರ ಅರ್ಥ ಹೆಚ್ಚುಕಡಿಮೆ 'ಕಾದು ನೋಡೋಣ' ಎಂದು. ಒಂಬತ್ತನೆಯ ವಯಸ್ಸಿಗೆ ಹುಡುಗ ಬೆಳಗಿನ ಜಾವ ಕಾಡಿಗೆ ಹೋಗಿ ಸೌದೆ ತಂದು, ಮಾರಿ, ಆಮೇಲೆ ಶಾಲೆಗೆ ಹೋಗುತ್ತಿದ್ದ. ಮುಂದೆ ಗೆಳೆಯರೊಂದಿಗೆ ವಾದ್ಯತಂಡ ಕಟ್ಟಿ ಮದುವೆ ಸಮಾರಂಭಗಳಲ್ಲಿ ನುಡಿಸಿದ. ಓದಿದ್ದು ಊರಿನ ಬ್ಯಾಪ್ಟಿಸ್ಟ್ ಮಿಷನರಿಗಳ ಪ್ರೌಢಶಾಲೆಯಲ್ಲಿ. ಅಲ್ಲಿನ ಶಾಲಾ ಪತ್ರಿಕೆಗೆ ಅಬಿಯೋಲಾ ಸಂಪಾದಕ, ಒಲುಸೆಗುನ್ ಒಬಸಾಂಜೊ ಎಂಬ ಸಹಪಾಠಿ ಉಪಸಂಪಾದಕ. (ನಮ್ಮ ಈ ಪತ್ರಿಕೆಯ ಸಂಪಾದಕ ಮಂಡಳಿಯವರು ಈ ಎರಡನೆಯ ಹೆಸರನ್ನು ನೆನಪಿಟ್ಟುಕೊಳ್ಳಲಿ, ಕೊನೆಯಲ್ಲಿ ಬೇಕಾಗುತ್ತದೆ.) ಬ್ಯಾಂಕಿನಲ್ಲಿ ಗುಮಾಸ್ತಿಕೆ, ಬಳಿಕ ವಿದ್ಯಾರ್ಥಿವೇತನದ ಮೇಲೆ ಗ್ಲಾಸ್ಗೋ ವಿಶ್ವವಿದ್ಯಾಲಯ, ಲೆಕ್ಕಶಾಸ್ತ್ರದಲ್ಲಿ ಪ್ರಥಮ ದರ್ಜೆ. ಊರಿಗೆ ಮರಳಿ ಆಸ್ಪತ್ರೆಯೊಂದರಲ್ಲಿ, ಔಷಧ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಅನಂತರ ಅಮೆರಿಕದ ದೂರಸಂಪರ್ಕ ಕಂಪನಿ ಐಟಿಟಿ.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಬೇಕು. ಐಟಿಟಿಯ ದೊಡ್ಡ ಗಿರಾಕಿ ನೈಜೀರಿಯಾದ ಸರ್ಕಾರ. ಸರ್ಕಾರವೆಂದರೆ ಆಗ ಸೇನೆ. ಬಾಕಿ ವಸೂಲಿಗೆಂದು ಸೇನಾಧಿಕಾರಿಗಳ ಬಾಗಿಲು ತಟ್ಟಿದ ಲೆಕ್ಕಿಗ ಕ್ರಮೇಣ ಅವರ ಸ್ನೇಹಿತರಾದರು. ದೊಡ್ಡ ದೊಡ್ಡ ದೂರವಾಣಿ ಗುತ್ತಿಗೆಗಳು ಬಂದವು. ಅಬಿಯೋಲಾ ಐಟಿಟಿಯ ನೈಜೀರಿಯಾ ಶಾಖೆಯ ಅಧ್ಯಕ್ಷರಾದರು. ಆ ಹಣದಿಂದ ವಿಮಾನ ಕಂಪನಿ, ಪುಸ್ತಕ ಮಳಿಗೆಗಳು, ಕೃಷಿ ತೋಟಗಳು, 1980ರಲ್ಲಿ ಕಾಂಕಾರ್ಡ್ ಪತ್ರಿಕಾ ಸಮೂಹ ಎಲ್ಲವೂ ಹುಟ್ಟಿದವು. ಆ ಸಮೂಹ ಇಂಗ್ಲಿಷಿನ ಜೊತೆಗೆ ಯೊರುಬಾ, ಹೌಸಾ, ಇಗ್ಬೊ ಭಾಷೆಗಳಲ್ಲೂ ಪತ್ರಿಕೆ ತಂದಿತು. ಶಾಲೆ, ಗ್ರಂಥಾಲಯ, ಮಸೀದಿ, ಚರ್ಚು, ಕುಡಿಯುವ ನೀರು, ಕ್ರೀಡೆ ಎಂದು ಕೇಳಿದವರಿಗೆಲ್ಲ ಕೈ ಬಿಚ್ಚಿ ಕೊಟ್ಟರು. ಆದರೆ ಹಾಡುಗಾರ ಫೆಲಾ ಕುಟಿ ಐಟಿಟಿ ಎಂಬ ಮೂರಕ್ಷರಕ್ಕೆ 'ಅಂತರರಾಷ್ಟ್ರೀಯ ಕಳ್ಳ' ಎಂಬ ಅರ್ಥ ಹಚ್ಚಿ ಕಟ್ಟಿದ ಹಾಡನ್ನು ನೈಜೀರಿಯಾ ಇಂದಿಗೂ ಮರೆತಿಲ್ಲ. ಅದರಲ್ಲಿ ಅಬಿಯೋಲಾ ಹೆಸರೂ ಇದೆ. ದಾನ ಮಾಡಿದ್ದು ನಿಜ, ದೂರು ಇದ್ದದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಜಾಹೀರಾತು.

1980ರ ದಶಕದ ಆರಂಭದಲ್ಲಿ ಅವರು ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಾಗ, ಈ ಪದವಿ ಹೆಚ್ಚು ಹಣ ಕೊಟ್ಟವರಿಗೆ ಮಾರುವಂಥದ್ದಲ್ಲ ಎಂಬರ್ಥದಲ್ಲಿ ಅವರದೇ ಪಕ್ಷದ ಮುಖಂಡರು ಹಂಗಿಸಿದ್ದರು. ಮತ್ತೆ ಅವಕಾಶ ಸಿಕ್ಕಿದ್ದು 1993ರಲ್ಲಿ. ಸೇನಾಡಳಿತಗಾರ ಇಬ್ರಾಹಿಂ ಬಬಂಗಿಡಾ ಎರಡೇ ಪಕ್ಷಗಳಿಗೆ ಅನುಮತಿ ಕೊಟ್ಟು ಚುನಾವಣೆ ಘೋಷಿಸಿದರು. ಅಬಿಯೋಲಾ ಒಂದು ಪಕ್ಷದಿಂದ, ಕಾನೊ ರಾಜ್ಯದ ಉದ್ಯಮಿ ಬಶೀರ್ ತೋಫಾ ಇನ್ನೊಂದರಿಂದ. ಅಬಿಯೋಲಾ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡ ಬಾಬಗಾನ ಕಿಂಗಿಬೆ ಕೂಡ ಮುಸ್ಲಿಮರೇ. ಉತ್ತರದಲ್ಲಿ ಮುಸ್ಲಿಮರು, ದಕ್ಷಿಣದಲ್ಲಿ ಕ್ರೈಸ್ತರು ಹೆಚ್ಚಾಗಿರುವ ಆ ದೇಶದಲ್ಲಿ ಒಬ್ಬ ಮುಸ್ಲಿಂ, ಒಬ್ಬ ಕ್ರೈಸ್ತ ಎಂಬ ಜೋಡಿಯನ್ನು ನಿಲ್ಲಿಸುವುದೇ ಜಾಣತನವೆಂದು ಎಲ್ಲರೂ ತಿಳಿದಿದ್ದರು. ಮತದಾರರು ಆ ಲೆಕ್ಕವನ್ನು ಬದಿಗಿಟ್ಟರು. ಜೂನ್ 12ರಂದು ದಕ್ಷಿಣದ ಕ್ರೈಸ್ತರು ಲಕ್ಷಗಟ್ಟಲೆ ಈ ಜೋಡಿಗೆ ಮತ ಹಾಕಿದರು. ಉತ್ತರದಲ್ಲಿ, ಎದುರಾಳಿ ತೋಫಾ ಅವರ ಸ್ವಂತ ರಾಜ್ಯ ಕಾನೊದಲ್ಲೇ, ದಕ್ಷಿಣದ ಯೊರುಬಾ ಮನುಷ್ಯ ಗೆದ್ದರು. ಒಟ್ಟು ಮತಗಳಲ್ಲಿ ಅವರಿಗೆ ಸುಮಾರು 83 ಲಕ್ಷ, ತೋಫಾ ಅವರಿಗೆ ಸುಮಾರು 59 ಲಕ್ಷ. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ಸಾಧಕರು ಈ ಮತದಾರರು.

ಜೂನ್ 23ರಂದು ಬಬಂಗಿಡಾ ಚುನಾವಣೆಯನ್ನೇ ರದ್ದು ಮಾಡಿದರು. ಅಬಿಯೋಲಾರ ಹಳೆಯ ಸ್ನೇಹಿತ ಅವರು! ಎರಡು ತಿಂಗಳಲ್ಲಿ ಅವರೂ ಇಳಿದು, ಎರ್ನೆಸ್ಟ್ ಶೋನೆಕಾನ್ ಎಂಬ ಇನ್ನೊಬ್ಬ ಉದ್ಯಮಿಯನ್ನು ಹಂಗಾಮಿಯಾಗಿ ಕೂರಿಸಿದರು. ನವೆಂಬರಿನಲ್ಲಿ ಸಾನಿ ಅಬಾಚಾ ಅವರನ್ನೂ ತಳ್ಳಿ ತಾವೇ ಕುಳಿತರು. ಅಬಾಚಾ ತಮಗೆ ಅಧಿಕಾರ ಬಿಟ್ಟುಕೊಡುತ್ತಾರೆಂದು ಮೊದಮೊದಲು ಅಬಿಯೋಲಾ ಕೂಡ ನಂಬಿದ್ದರು. ಜೊತೆಗೆ ಗೆದ್ದ ಕಿಂಗಿಬೆ ಅಬಾಚಾ ಸರ್ಕಾರದಲ್ಲಿ ವಿದೇಶಾಂಗ ಸಚಿವರಾದರು. ಸೇನೆಯ ಸ್ನೇಹದಿಂದ ಬೆಳೆದ ವ್ಯಾಪಾರಿಗೆ ಆ ಸ್ನೇಹದ ಬೆಲೆ ಎಷ್ಟೆಂದು ತಿಳಿದದ್ದು ಆಗ.

1994ರ ಜೂನ್ 11ರಂದು ಲಾಗೋಸಿನ ಎಪೆಟೆಡೊದಲ್ಲಿ ಜನರ ನಡುವೆ ನಿಂತು, ಚುನಾಯಿತ ಅಧ್ಯಕ್ಷ ನಾನೇ ಎಂದು ಅಬಿಯೋಲಾ ಸಾರಿದರು. ಹನ್ನೆರಡು ದಿನಗಳಲ್ಲಿ ರಾಜದ್ರೋಹದ ಆರೋಪದ ಮೇಲೆ ಬಂಧನ. ಪತ್ರಿಕೆಗಳಿಗೆ ಬೀಗ ಬಿತ್ತು. ತೈಲ ಕಾರ್ಮಿಕರು ಅವರಿಗಾಗಿ ವಾರಗಟ್ಟಲೆ ಮುಷ್ಕರ ಹೂಡಿದರು. ಮತದ ಹಕ್ಕೊತ್ತಾಯ ಬಿಟ್ಟರೆ ಮನೆಗೆ ಹೋಗಬಹುದೆಂಬ ಸಂದೇಶ ಮತ್ತೆ ಮತ್ತೆ ಬಂತು. ಅವರು ಒಪ್ಪಲಿಲ್ಲ. ಹೊರಗೆ ಹೋರಾಟ ನಡೆಸುತ್ತಿದ್ದ ಪತ್ನಿ ಕುದಿರತ್ ಅವರನ್ನು 1996ರ ಜೂನ್ 4ರಂದು ಲಾಗೋಸಿನ ರಸ್ತೆಯಲ್ಲಿ ಗುಂಡಿಟ್ಟು ಕೊಂದರು. ಆಕೆ ಯಾವ ಹುದ್ದೆಗೂ ನಿಂತವರಲ್ಲ. ದೇಶಭ್ರಷ್ಟ ಹೋರಾಟಗಾರರು ತಮ್ಮ ಬಾನುಲಿಗೆ ರೇಡಿಯೋ ಕುದಿರತ್ ಎಂದೇ ಹೆಸರಿಟ್ಟರು. ಅಬಿಯೋಲಾ ಬಗ್ಗೆ ಬರೆಯುವವರು ಆಕೆಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಜಾಗದ ಮಿತಿಯಿಂದ ನಾನೂ ಅದನ್ನೇ ಮಾಡುತ್ತಿದ್ದೇನೆ, ಆದರೆ ಆಕೆಯ ಬಗ್ಗೆ ಪ್ರತ್ಯೇಕ ಲೇಖನವೇ ಬೇಕು.

ಆ ಸೆರೆ ಎಂಥದ್ದು ಎಂಬುದಕ್ಕೆ ಒಂದು ಸಂಗತಿ ಸಾಕು. 1998ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಭೇಟಿಗೆ ಬಂದಾಗ, ಎದುರಿಗಿರುವವರು ಯಾರೆಂದು ಅಬಿಯೋಲಾರಿಗೆ ಗೊತ್ತಾಗಲಿಲ್ಲ. ಹಿಂದಿನ ಪ್ರಧಾನ ಕಾರ್ಯದರ್ಶಿ, ಈಜಿಪ್ಟಿನವರು, ಏನಾದರು ಎಂದು ಕೇಳಿದರಂತೆ. ಅನ್ನಾನ್ ಅಧಿಕಾರಕ್ಕೆ ಬಂದು ಆಗಲೇ ಒಂದೂವರೆ ವರ್ಷವಾಗಿತ್ತು. ಪತ್ರಿಕಾ ಸಮೂಹದ ಒಡೆಯನಿಗೆ ಓದಲು ಪತ್ರಿಕೆ ಇರಲಿಲ್ಲ.

ಅಬಾಚಾ 1998ರ ಜೂನ್ 8ರಂದು ತೀರಿಕೊಂಡರು. ಬಿಡುಗಡೆ ಹತ್ತಿರವಿದೆ ಎನ್ನುತ್ತಿರುವಾಗ, ಜುಲೈ 7ರಂದು, ಅಮೆರಿಕದ ನಿಯೋಗದೊಂದಿಗೆ ಮಾತನಾಡುತ್ತಲೇ ಅಬಿಯೋಲಾ ಕುಸಿದರು, ಉಳಿಯಲಿಲ್ಲ. ಹೃದಯದ ಕಾಯಿಲೆ ಎಂದು ವಿದೇಶಿ ತಜ್ಞರ ಶವಪರೀಕ್ಷೆ ಹೇಳಿತು. ನೈಜೀರಿಯಾದ ಬಹಳ ಜನ ಅದನ್ನು ಇಂದಿಗೂ ನಂಬುವುದಿಲ್ಲ.

ಅಷ್ಟು ಹಠ ಬೇಕಿತ್ತೇ ಎಂದು ಸ್ನೇಹಿತನೊಬ್ಬ ಕೇಳಿದ. ಹೆಂಡತಿ, ವ್ಯಾಪಾರ, ಪ್ರಾಣ ಎಲ್ಲ ಹೋಯಿತಲ್ಲ ಎಂಬುದು ಅವನ ವಾದ. ಲಾಭನಷ್ಟದ ಪಟ್ಟಿಯಲ್ಲಿ ನೋಡಿದರೆ ಅವನ ಮಾತು ಸರಿ. ಆದರೆ ವಾಣಿಜ್ಯ ಓದುವ ನಮಗೇ ಗೊತ್ತಿರುವ ಒಂದು ನಿಯಮವಿದೆ: ಇನ್ನೊಬ್ಬರು ನಂಬಿ ಇಟ್ಟ ಅಮಾನತನ್ನು ನಮ್ಮ ಸ್ವಂತ ಆಸ್ತಿಯೆಂದು ಮಾರುವಂತಿಲ್ಲ. ವಿಮಾನ ಕಂಪನಿ, ಪತ್ರಿಕೆಗಳು ಅವರವು, ಬಿಡಬಹುದಿತ್ತು. ಆ 83 ಲಕ್ಷ ಮತ ಅವರದಲ್ಲ. ಅವರು ಸಂತರಾಗಿದ್ದರೆ ಇದನ್ನು ಹೇಳುವುದು ಸುಲಭವಿತ್ತು. ಗುತ್ತಿಗೆಗಳ ಇತಿಹಾಸ ಇರುವ ಮನುಷ್ಯ ಇಂಥ ಗೆರೆಯೊಂದರ ಬಳಿ ಬಂದು ನಿಂತದ್ದರಿಂದಲೇ ನನಗೆ ಅವರು ಮುಖ್ಯ ಎನಿಸುವುದು. ಮುಂದಿನ ವರ್ಷದೊಳಗೆ ನಮ್ಮಲ್ಲಿ ಬಹುತೇಕರಿಗೆ ಹದಿನೆಂಟು ತುಂಬುತ್ತದೆ. ಒಂದು ಮತದಿಂದ ಏನಾಗುತ್ತದೆ ಎಂಬ ಮಾತು ಕ್ಯಾಂಟೀನಿನಲ್ಲಿ ಈಗಲೇ ಕೇಳುತ್ತಿದೆ.

1999ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ ಅಧ್ಯಕ್ಷರಾದವರು ಶಾಲಾ ಪತ್ರಿಕೆಯ ಆ ಉಪಸಂಪಾದಕ, ಒಬಸಾಂಜೊ. ಎಂಟು ವರ್ಷ ಆಳಿದರೂ ಜೂನ್ 12ಕ್ಕೆ ಅವರು ಮನ್ನಣೆ ಕೊಡಲಿಲ್ಲ. ಕೊಟ್ಟದ್ದು 2018ರಲ್ಲಿ, ಅಧ್ಯಕ್ಷ ಬುಹಾರಿ: ಮರಣೋತ್ತರವಾಗಿ ದೇಶದ ಅತ್ಯುನ್ನತ ಗೌರವ, ಜೂನ್ 12ಕ್ಕೆ ಪ್ರಜಾಪ್ರಭುತ್ವ ದಿನದ ಸ್ಥಾನ. ಬಬಂಗಿಡಾ 2025ರ ಫೆಬ್ರುವರಿಯಲ್ಲಿ ಆತ್ಮಕಥೆ ಬಿಡುಗಡೆ ಮಾಡಿ, ಆ ಚುನಾವಣೆಯಲ್ಲಿ ಗೆದ್ದದ್ದು ಅಬಿಯೋಲಾ ಎಂದು ಕೊನೆಗೂ ಒಪ್ಪಿಕೊಂಡರು. ಅದೇ ಸಮಾರಂಭದಲ್ಲಿ, ಬಬಂಗಿಡಾ ಹೆಸರಿನ ಗ್ರಂಥಾಲಯಕ್ಕೆಂದು ದೇಶದ ದೊಡ್ಡ ಉದ್ಯಮಿಗಳು ಒಬ್ಬರ ನಂತರ ಒಬ್ಬರಂತೆ ನೂರಾರು ಕೋಟಿ ನೈರಾ ದೇಣಿಗೆ ಘೋಷಿಸಿದರು. ಅವರಲ್ಲಿ ಕೆಲವರ ಯಶಸ್ಸಿನ ಕಥೆ ಮುಂದೊಂದು ದಿನ ನಮ್ಮ ಭಿತ್ತಿಪತ್ರಿಕೆಯಲ್ಲೂ ಬರಬಹುದು.