ತಾಮ್ರದ ಚಿತ್ರವೂ ಕಲ್ಲಿನ ಚಿತ್ರವೂ

ಹಳೆಯ ಇಂಗ್ಲಿಷ್ ಅಚ್ಚುಚಿತ್ರಗಳ ಪ್ರತಿಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಹವ್ಯಾಸ ನನ್ನ ಶಿಷ್ಯರಲ್ಲೂ ಬಂಧುಗಳಲ್ಲೂ ಹಬ್ಬುತ್ತಿದೆ. ಗುಡ್ಡ, ಕೋಟೆ, ಮರದಡಿ ಕುಳಿತ ನಾಲ್ವರು. “ನೋಡಿ ಮೇಷ್ಟ್ರೇ, ನಮ್ಮ ನಾಡು ಆಗ ಹೀಗಿತ್ತು!” ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಗೆದ್ದವರಿಗೆ ಅದು ಹೀಗೆ ಕಾಣಬೇಕಿತ್ತು, ಅಷ್ಟೆ.

1791ರ ಅಕ್ಟೋಬರಿನಲ್ಲಿ ನಮ್ಮ ನಂದಿದುರ್ಗವನ್ನು ಟಿಪ್ಪುವಿನಿಂದ ಕಸಿದುಕೊಂಡ ಕಾರ್ನ್‌ವಾಲಿಸನ ಸೈನ್ಯದೊಡನೆ ಚಿತ್ರಕಾರರೂ ನಡೆದಿದ್ದರು. ಅವರಲ್ಲೊಬ್ಬನಾದ ರಾಬರ್ಟ್ ಹೋಮ್‌ನ ಮೈಸೂರು ದೃಶ್ಯಗಳ ಸಂಪುಟ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕೋಟೆಗಳನ್ನು ಚಿತ್ರಿಸಿದ ಕೋಲ್‌ಬ್ರೂಕ್ ಭೂಮಾಪನಾಧಿಕಾರಿ. ಭೂಮಿಯನ್ನು ಅಳೆದ ಕೈಯೇ ಅದರ ಅಂದವನ್ನೂ ಬರೆಯಿತು. ಬೆಂಗಳೂರಿನ ಪೇಟೆಯ ಬಾಗಿಲಲ್ಲಿ ಮಡಿದ ಮೂರ್‌ಹೌಸ್‌ನ ಮರಣವನ್ನು ಹೋಮ್ ದೊಡ್ಡ ಚಿತ್ರವಾಗಿಸಿದ. ಆ ಬಾಗಿಲನ್ನು ಕಾಯುತ್ತ ಸತ್ತ ನಮ್ಮವರ ಹೆಸರು ಆ ಚಿತ್ರದ ಶೀರ್ಷಿಕೆಯಲ್ಲಿಲ್ಲ.

ಇದು ನಮ್ಮೊಬ್ಬರ ಪಾಡಲ್ಲ. ಉತ್ತರಧ್ರುವದ ಹಿಮನಾಡಿನ ಇನ್ಯೂಟ್ ಜನರನ್ನೂ ಬ್ರಿಟಿಷ್ ನೌಕಾಯಾನಿಗಳು ಹೀಗೆಯೇ ಚಿತ್ರಿಸಿಕೊಂಡರು. 1822ರಲ್ಲಿ ಇಲಿಗ್ಲಿಯುಕ್ ಎಂಬ ಇನ್ಯೂಟ್ ಹೆಂಗಸು ತಮ್ಮ ಕರಾವಳಿಯ ನಕ್ಷೆ ಬರೆದು ಪ್ಯಾರಿ ಎಂಬ ನಾವಿಕನಿಗೆ ದಾರಿ ತೋರಿಸಿದಳು. ಆ ಜಲಸಂಧಿಗೆ ಇಟ್ಟದ್ದು ಮಾತ್ರ ಅವನ ಎರಡು ಹಡಗುಗಳ ಹೆಸರು! ಒಂದು ಅಪವಾದವುಂಟು. 1818ರಲ್ಲಿ ದುಭಾಷಿಯಾಗಿ ಹೋಗಿದ್ದ ಗ್ರೀನ್‌ಲ್ಯಾಂಡಿನ ಇನ್ಯೂಟ್ ಯುವಕ ಸ್ಯಾಕ್‌ಹ್ಯೂಸ್, ಬಿಳಿಯರೂ ಅಲ್ಲಿನ ಇನ್ಯೂಟರೂ ಮೊದಲು ಎದುರಾದ ಗಳಿಗೆಯನ್ನು ತಾನೇ ಬರೆದ. ಮರುವರ್ಷ ಜಾನ್ ರಾಸ್‌ನ ಗ್ರಂಥದಲ್ಲಿ ಅದು ಅಚ್ಚಾಯಿತು. ಹಿಮದ ಮೇಲೆ ಟೋಪಿ, ಕೋಟು ತೊಟ್ಟು ನಿಂತ ಅಧಿಕಾರಿಗಳೇ ಅಲ್ಲಿ ವಿಚಿತ್ರವಾಗಿ ಕಾಣುತ್ತಾರೆ. ಬರೆಯುವ ಕೈ ಬದಲಾದರೆ ನೋಟವೂ ಬದಲಾಗುತ್ತದೆ.

“ಆ ಚಿತ್ರಗಳಿಲ್ಲದಿದ್ದರೆ ಕೋಟೆಗಳ ರೂಪವೇ ತಿಳಿಯುತ್ತಿರಲಿಲ್ಲವಲ್ಲ?” ಎಂದು ಕೇಳುವಿರಿ. ನಿಜ. ಕಲ್ಲುಗೋಡೆಯ ಮಟ್ಟಿಗೆ ಅವು ಸಾಕ್ಷಿ, ಜನರ ಮಟ್ಟಿಗಲ್ಲ. ನಮ್ಮ ಜನ ತಮ್ಮ ಚಿತ್ರವನ್ನು ತಾವೇ ಕೆತ್ತಿದ್ದರು, ತಾಮ್ರದಲ್ಲಲ್ಲ, ಕಲ್ಲಿನಲ್ಲಿ. ವೀರಗಲ್ಲನ್ನು ನೋಡಿ: ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಬರಹವಿದ್ದಲ್ಲಿ ಸತ್ತವನ ಹೆಸರಿದೆ, ಊರಿದೆ, ತುರು ಕಾಯಲು ಸತ್ತನೋ ಊರಳಿವಿನಲ್ಲಿ ಸತ್ತನೋ ಎಂಬ ಕಾರಣವಿದೆ. ಲೂಯಿ ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಲ್ಲುಗಳೂ ಸೇರಿವೆ. ಇಂಥ ಕಲ್ಲುಗಳಲ್ಲಿ ಎಷ್ಟೋ ಇಂದು ತಿಪ್ಪೆಯ ಮಗ್ಗುಲಲ್ಲಿವೆ, ಎಷ್ಟೋ ಬಟ್ಟೆ ಒಗೆಯುವ ಚಪ್ಪಡಿಗಳಾಗಿವೆ. ದಂಡೆತ್ತಿ ಬಂದವನ ಚಿತ್ರಕ್ಕೆ ಗಾಜಿನ ಚೌಕಟ್ಟು, ಊರಿಗಾಗಿ ಸತ್ತವನ ಚಿತ್ರಕ್ಕೆ ಸಾಬೂನಿನ ನೊರೆ!

ಇಂಗ್ಲಿಷರ ಚಿತ್ರವನ್ನು ಇಳಿಸಿಬಿಡಿ ಎನ್ನುತ್ತಿಲ್ಲ. ಅದರ ಕೆಳಗೆ ಬರೆದವನಾರು, ಯಾರ ಸೈನ್ಯದೊಡನೆ ಬಂದ ಎಂದು ಒಂದು ಸಾಲು ಬರೆದಿಡಿ. ಊರಿಗೆ ಹೋದಾಗ ಕೆರೆಯ ಏರಿಯತ್ತ ಮಕ್ಕಳನ್ನು ಕರೆದೊಯ್ಯಿರಿ. ಬಿದ್ದ ಕಲ್ಲಿದ್ದರೆ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸಿ, ಅದನ್ನು ನೆಟ್ಟಗೆ ನಿಲ್ಲಿಸುವವರೆಗೆ ಬೆನ್ನು ಬಿಡಬೇಡಿ. ನಿಮಗೆ ಅಕ್ಷರ ಕಲಿಸಿದವನಾಗಿ ಇಷ್ಟನ್ನು ಕೇಳುವ ಹಕ್ಕು ನನಗಿದೆ ಎಂದು ಭಾವಿಸಿದ್ದೇನೆ.