ಮುಯ್ಯಿ ಬರ್ಕೊಳ್ಳೋ ನಾವು ಪತ್ರ ಯಾಕೆ ಓದಲ್ಲ?

ಗಂಡ ಹೆಂಡ್ತಿ ಬೇರೆ ಆಗೋವಾಗ ಜಗಳ ಬರಾದು ಒಡವೆಗೆ, ಸೈಟಿಗೆ, ಮಕ್ಕಳು ಯಾರ ಹತ್ರ ಇರ್ಬೇಕು ಅನ್ನೋದಕ್ಕೆ. ಅಮೆರಿಕದಲ್ಲಿ ಒಂದು ಜೋಡಿ ಆಟದ ಟೀಮಿಗೇ ಕಿತ್ತಾಡಿದ್ರು ಕಣ್ರಮ್ಮ. ಗಂಡ ಫ್ರಾಂಕ್ ಮೆಕೋರ್ಟ್, ಹೆಂಡ್ತಿ ಜೇಮಿ ಮೆಕೋರ್ಟ್. ಟೀಮು ಲಾಸ್ ಏಂಜಲೀಸ್ ಡಾಡ್ಜರ್ಸ್. ಆಟ ಬೇಸ್‌ಬಾಲು, ನಮ್ಮ ಕ್ರಿಕೆಟ್ಟಿಗೆ ದಾಯಾದಿ ಇದ್ದಂಗೆ. ನಮ್ಮ ಐಪಿಎಲ್ ಟೀಮುಗಳ ಥರಾನೇ ಅಲ್ಲೂ ಟೀಮಿಗೆ ಮಾಲೀಕರು ಇರ್ತಾರೆ.

ದೊಡ್ಡೋರ ಮನೆ ಜಗಳ ನಮಗ್ಯಾಕೆ ಅಂತೀರೇನೋ. ಸೊನ್ನೆಗಳನ್ನ ಅತ್ಲಾಗೆ ತೆಗೆದಿಟ್ಟು ನೋಡಿದ್ರೆ ಇದು ತರೀಕೆರೆಯ ಅಡಿಕೆ ತೋಟದ್ದೋ, ಕಡೂರಿನ ಅಂಗಡಿದ್ದೋ, ಅಜ್ಜಂಪುರದ ಈರುಳ್ಳಿ ಹೊಲದ್ದೋ ಕಥೆನೂ ಆಗ್ತದೆ. ಅದಕ್ಕೇ ಹೇಳ್ತಿದೀನಿ.

ಇಬ್ಬರ ಮದುವೆ ಆಗಿದ್ದು 1979ರಲ್ಲಿ. ನಾಲ್ಕು ಗಂಡುಮಕ್ಕಳು. ಬಾಸ್ಟನ್ ಊರಲ್ಲಿ ಜಾಗ, ಕಟ್ಟಡದ ವ್ಯವಹಾರ. 2004ರಲ್ಲಿ ಸುಮಾರು 43 ಕೋಟಿ ಡಾಲರಿಗೆ ಟೀಮು ತಗಂಡ್ರು, ಅದ್ರಲ್ಲಿ ಸಾಲನೂ ಬೇಕಾದಷ್ಟಿತ್ತು. ಜೇಮಿ ಮನೇಲಿ ಕೂತೋಳಲ್ಲ, ಟೀಮಿನ ಆಡಳಿತದಲ್ಲೇ ದೊಡ್ಡ ಹುದ್ದೇಲಿದ್ಲು. ಆಯಮ್ಮ ಕಾನೂನು ಓದಿದೋಳು ಬೇರೆ.

ಅದೇ ವರ್ಷ ಇಬ್ಬರೂ ಒಂದು ಕರಾರಿಗೆ ಸಹಿ ಹಾಕಿದ್ರು. ವ್ಯವಹಾರ ಗಂಡನ ಹೆಸರಿಗೆ, ಮನೆಗಳು ಹೆಂಡ್ತಿ ಹೆಸರಿಗೆ. ನಾಳೆ ವ್ಯವಹಾರ ಮುಳುಗಿದ್ರೂ ಸಾಲಗಾರರು ಮನೆ ಮುಟ್ಟಬಾರದು ಅನ್ನೋ ಲೆಕ್ಕ. ಈ ಲೆಕ್ಕ ನಮ್ಮೂರಲ್ಲಿ ಇಲ್ವಾ? "ನಿನ್ನ ಹೆಸರಿಗೆ ಮಾಡಿಸ್ತೀನಿ, ಸೇಫು" ಅಂತ ಎಷ್ಟು ಮನೇಲಿ ಹೇಳಿಲ್ಲ!

2009ರ ಅಕ್ಟೋಬರಿನಲ್ಲಿ ಬೇರೆ ಆಗೋ ಸುದ್ದಿ ಹೊರಗೆ ಬಂತು. ಫ್ರಾಂಕು ಹೆಂಡ್ತಿನ ಕೆಲಸದಿಂದಲೇ ತೆಗೆದ. ಟೀಮು ನಂದೊಬ್ಬಂದೇ, ಪತ್ರ ನೋಡು ಅಂದ. ಆಯಮ್ಮ, ಅದು ಮನೆ ಉಳಿಸಿಕೊಳ್ಳಕ್ಕೆ ಮಾಡಿದ್ದು, ಟೀಮು ಬಿಟ್ಟುಕೊಡಕ್ಕಲ್ಲ ಅಂದ್ಲು. ಓದ್ದೆ, ವಕೀಲರನ್ನ ನಂಬಿ ಸಹಿ ಹಾಕಿದೆ ಅಂತಲೂ ಕೋರ್ಟಲ್ಲಿ ಹೇಳಿದ್ಲು. ಕಾನೂನು ಓದಿದ ಹೆಂಗಸು!

ಇನ್ನೂ ಮಜಾ ಕೇಳಿ. ಆ ಕರಾರಿಗೆ ಆರು ಪ್ರತಿ. ಮೂರರಲ್ಲಿ ಟೀಮು ಫ್ರಾಂಕಿಗೆ ಸೇರಿದ್ದು ಅಂತಿದೆ, ಇನ್ನು ಮೂರರಲ್ಲಿ ಹಂಗಿಲ್ಲ. ಜೊತೇಲಿ ಲಗತ್ತಿಸಿದ್ದ ಒಂದು ಹಾಳೇಲಿ ವ್ಯತ್ಯಾಸ, ಅಷ್ಟೇ. 2010ರ ಡಿಸೆಂಬರಿನಲ್ಲಿ ಜಡ್ಜು ಈ ಕರಾರೇ ನಡೆಯಲ್ಲ ಅಂದ್ಬಿಟ್ರು. ಒಂದು ಹಾಳೆ ಸರಿಯಾಗಿ ನೋಡಿದ್ದಿದ್ರೆ ಅಷ್ಟು ವಕೀಲರ ಫೀಸು ಉಳೀತಿತ್ತು.

ಇವರಿಬ್ಬರು ಕೋರ್ಟಿಗೆ ಅಲೀತಿದ್ರೆ ಟೀಮಿನ ಗತಿ? 2011ರ ಏಪ್ರಿಲಿನಲ್ಲಿ ಬೇಸ್‌ಬಾಲ್ ಆಡಳಿತದೋರು ಟೀಮಿನ ದಿನದ ಉಸ್ತುವಾರಿ ತಾವೇ ವಹಿಸಿಕೊಂಡ್ರು. ಜೂನಿನಲ್ಲಿ ದಿವಾಳಿ ಅರ್ಜಿ ಹಾಕೋ ಹಂಗಾಯ್ತು. ದಾಯಾದಿ ಕೇಸಲ್ಲಿ ತೋಟಕ್ಕೆ ನೀರು ಕಟ್ಟೋರಿಲ್ದೆ ಒಣಗಾದು ನೋಡಿದೀವಲ್ಲ, ಹಂಗೇ.

ಕೊನೆಗೆ 2011ರ ಅಕ್ಟೋಬರಿನಲ್ಲಿ ರಾಜಿ. ಜೇಮಿಗೆ 13 ಕೋಟಿ ಡಾಲರು, ಆಗಿನ ಲೆಕ್ಕದಲ್ಲಿ ಆರುನೂರು ಕೋಟಿ ರೂಪಾಯಿಗೂ ಮೇಲೆ. ಟೀಮಿನ ಮೇಲಿನ ಹಕ್ಕು ಬಿಟ್ಟು ಸಹಿ ಹಾಕಿದ್ಲು. ಆರು ತಿಂಗಳೊಳಗೆ, 2012ರ ಮಾರ್ಚಿನಲ್ಲಿ, ಅದೇ ಟೀಮು 200 ಕೋಟಿ ಡಾಲರಿಗೆ ಮಾರಾಟ ಆಗೋದು ಗೊತ್ತಾಯ್ತು! ನನಗೆ ಬೆಲೆ ಕಡಿಮೆ ಹೇಳಿ ನಂಬಿಸಿದ್ರು ಅಂತ ಮತ್ತೆ ಕೋರ್ಟಿಗೆ ಹೋದ್ಲು. 2013ರಲ್ಲಿ ಕೋರ್ಟು ಒಪ್ಪಲಿಲ್ಲ.

ಆಯಮ್ಮಂಗೆ ಅಷ್ಟು ದುಡ್ಡು ಬಂದಿದ್ದು ಸಾಲ್ದಾ, ದುರಾಸೆ ಅಂತೀರಾ? ಇರಬಹುದು, ಇಬ್ಬರಿಗೂ ಇತ್ತು. ನಾನು ನೋಡಾದು ಆ ಎರಡು ಸಹಿನ. ಮೊದಲನೇದು ಓದ್ದೆ ಹಾಕಿದ್ದು. ಎರಡನೇದು ಬೆಲೆ ಎಷ್ಟಾಗ್ತದೆ ಅಂತ ಗಟ್ಟಿ ಮಾಡ್ಕೊಳ್ದೆ ಹಾಕಿದ್ದು. ನಮ್ಮ ಹೆಣ್ಣುಮಕ್ಕಳು ಹಾಕೋದೂ ಇವೇ ಎರಡು.

ಆಯಮ್ಮಂಗೆ ಬೆನ್ನಿಗೆ ಕಾನೂನಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮದುವೆ ಆದ್ಮೇಲೆ ದುಡಿದು ಗಳಿಸಿದ್ದು ಸಾಮಾನ್ಯವಾಗಿ ಇಬ್ಬರಿಗೂ ಅರ್ಧ ಅರ್ಧ. ನಮ್ಮಲ್ಲಿ ಗೋವಾ ಬಿಟ್ರೆ ಅಂಥ ಕಾನೂನಿಲ್ಲ. ಡೈವೋರ್ಸ್ ಆದ್ರೆ ಜೀವನಾಂಶ ಕೇಳಬಹುದು, ತವರಿಂದ ತಂದ ಸ್ತ್ರೀಧನ ನಮ್ಮದು. ತೋಟ, ಅಂಗಡಿ ಯಾರ ಹೆಸರಲ್ಲಿದೆಯೋ ಅವರದ್ದೇ ಆಗಿ ಉಳೀತದೆ. ಇಪ್ಪತ್ತು ವರ್ಷ ಕೂಲಿಯೋರಿಗೆ ಅಡಿಗೆ ಮಾಡಿ, ಅಡಿಕೆ ಸುಲಿದು, ಅಂಗಡಿ ಗಲ್ಲಾ ಕಾದಿದ್ದು ಪಹಣೀಲಿ ಎಲ್ಲೂ ಕಾಣಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟು ಮನೆ ನೋಡ್ಕೊಂಡ ಹೆಂಡ್ತಿದೂ ದುಡಿಮೇನೇ, ಗಂಡನ ಸಂಪಾದನೇಲಿ ತಗಂಡ ಆಸ್ತೀಲಿ ಅವಳಿಗೂ ಪಾಲಿದೆ ಅಂತು. ಒಳ್ಳೇ ಮಾತು, ಆದ್ರೆ ಅದೊಂದು ಕೇಸಿನ ತೀರ್ಪು, ದೇಶಕ್ಕೆಲ್ಲ ಕಾನೂನಲ್ಲ.

ಅಂಥಾದ್ರಲ್ಲಿ ನಾವು "ಇಲ್ಲೊಂದು ಸಹಿ ಹಾಕು" ಅಂದ್ರೆ ಸೆರಗಿಗೆ ಕೈ ಒರೆಸ್ಕೊಂಡು ಬಂದು ಹಾಕ್ತೀವಿ. ಸಂಘದ ಸಾಲಕ್ಕೆ ಹೆಸರು ನಮ್ಮದು, ದುಡ್ಡು ಬೋರ್‌ವೆಲ್ಲಿಗೆ, ಕಂತು ಕಟ್ಟು ಅಂತ ಕೇಳಾದು ನಮ್ಮನ್ನ. ತವರಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸೀರೆ, ಅರಿಶಿನ ಕುಂಕುಮ. 2005ರ ತಿದ್ದುಪಡಿ ಬಂದ್ಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಅಣ್ಣ ತಮ್ಮಂದಿರಿಗೆ ಪ್ರೀತಿಯಿಂದ ಬಿಟ್ಟುಕೊಡಿ, ಬೇಡ ಅನ್ನಲ್ಲ. ಎಷ್ಟು ಬಿಟ್ಟುಕೊಟ್ಟೆ ಅಂತಾನಾದ್ರೂ ಗೊತ್ತಿರ್ಲಿ. ನಮಗೇ ಗೊತ್ತಿಲ್ಲ ಅಂದ್ರೆ ಅವರಿಗೂ ಅದರ ಬೆಲೆ ತಿಳಿಯಲ್ಲ.

ಓದ್ತೀನಿ ಅಂದ್ರೆ ಗಂಡನ ಮೇಲೆ ನಂಬಿಕೆ ಇಲ್ವಾ ಅಂತಾರೆ. ಅಲ್ಲ ಕಣ್ರೀ, ಮದುವೆ ಮನೇಲಿ ಮುಯ್ಯಿ ಬರ್ಕೊಳ್ಳಲ್ವಾ? ಸ್ವಂತ ಸೋದರಮಾವ ಕೊಟ್ಟ ನೂರಾ ಒಂದನ್ನೂ ಬರೆದಿಟ್ಟು, ಹತ್ತು ವರ್ಷ ಆದ್ಮೇಲೆ ಪುಸ್ತಕ ತೆಗೆದು ನೋಡಿ ತೀರಿಸ್ತೀವಿ. ಅದನ್ನ ಯಾರೂ ಅಪನಂಬಿಕೆ ಅನ್ನಲ್ಲ. ಸಂಬಂಧ ಕೆಡಬಾರದು ಅಂತಾನೇ ಬರೆಯಾದು. ಪತ್ರ ಓದಾದೂ ಅದೇ ಲೆಕ್ಕ.

ಅದಕ್ಕೇ, ಯಾವ ಕಾಗದ ಬಂದ್ರೂ ಒಂದು ರಾತ್ರಿ ಮನೇಲಿಟ್ಕೊಳಿ. ಪಿಯುಸಿ ಓದೋ ಮಗಳ ಹತ್ರ ಗಟ್ಟಿಯಾಗಿ ಓದಿಸಿ, ಲಗತ್ತಿಸಿದ ಹಾಳೆ ಸಮೇತ. ಜೆರಾಕ್ಸ್ ಇಟ್ಕೊಳಿ. ಪಹಣೀಲಿ, ಖಾತೇಲಿ ಯಾರ ಹೆಸರಿದೆ ಅಂತ ಒಂದ್ಸಲ ನೋಡಿ. ಅರ್ಥ ಆಗದಿದ್ರೆ ತಾಲೂಕು ಕಾನೂನು ಸೇವಾ ಸಮಿತಿಯೋರು ಹೆಂಗಸರಿಗೆ ಪುಕ್ಕಟೆ ವಕೀಲರನ್ನ ಕೊಡ್ತಾರೆ, ಆದಾಯ ಎಷ್ಟೇ ಇರ್ಲಿ. ಸಂಸಾರ ಚೆನ್ನಾಗಿರೋವಾಗ್ಲೇ ಇದನ್ನೆಲ್ಲ ಮಾಡ್ಕೊಳಿ. ಜಗಳ ಶುರುವಾದ್ಮೇಲೆ ಬೀರು ಕೀಲಿ ಎಲ್ಲಿದೆ ಅಂತಾನೂ ಯಾರೂ ಹೇಳಲ್ಲ.